ಡುಬ್ಬಣ್ಣನ ಹತ್ತೊಂಬತ್ತು ಹೆಜ್ಜೆ

…ಅಲ್ಲ ಮಾವ, ನೀವು ಹೀಗೆ ಬಾಯಿಗೆ ಬೀಗ ಹಾಕ್ಕೊಂಡು ಕೂತ್ರೆ ಹೇಗೆ? ಒಂದೇ ಒಂದು ನಿಮಿಷ! ಫೋನ್ ನಾನು ಹಿಡ್ಕೋತೀನಿ, ನೀವು ಮಾತಾಡಿ, ಅಷ್ಟೇ. ‘ನಾಲ್ಕೂ ಸಿನಿಮಾದಲ್ಲಿ ಡುಬ್ಬಣ್ಣನ ವೇಷದೊಳಗೆ ಇದ್ದೋನು ನಾನೇ. ಹದಿನಾಲ್ಕು ವರ್ಷ ಆ ದೈತ್ಯನ್ನ ನಡೆಸಿದ್ದು ನನ್ನ ಕಾಲೇ. ಈಗ ನನ್ನ ಆಚೆ ತಳ್ಳಿ ಕಂಪ್ಯೂಟರಲ್ಲಿ ನಡೆಸ್ತಾರಂತೆ’ ಅಂತ ಇಷ್ಟು ಹೇಳಿ ಸಾಕು. ಮಿಕ್ಕಿದ್ದು ನನಗೆ ಬಿಡಿ. ನಾಳೆ ಹೊತ್ತಿಗೆ ಆ ಡೈರೆಕ್ಟರು ತಲೆ ಮೇಲೆ ಟವೆಲ್ ಹಾಕ್ಕೊಂಡು ಓಡಾಡಬೇಕು, ಹಾಗ್ ಮಾಡ್ತೀನಿ!

ಬೇಡ್ವಾ? ಯಾಕೆ ಬೇಡ? ಆ ಮೊಣಕಾಲಿಗೆ ಪಟ್ಟಿ ಸುತ್ತೋದು ಒಂಚೂರು ನಿಲ್ಸಿ ಇಲ್ಲಿ ನೋಡಿ. ಐದನೇ ಭಾಗದ ಟ್ರೈಲರ್. ನೋಡಿ, ನೋಡಿ… ಹಾ, ಇಲ್ಲಿ! ನೋಡಿದ್ರಾ? ಡುಬ್ಬಣ್ಣ ಪಲ್ಟಿ ಹೊಡೀತಾನೆ ಮಾವ! ಪಲ್ಟಿ! ಗಾಳೀಲಿ ಎರಡು ಸುತ್ತು! ಕೂರೋಕೇ ಮೂರು ಸಲ ಉಸಿರು ಬಿಡ್ತಿದ್ದ ನಮ್ಮ ಡುಬ್ಬಣ್ಣ, ಬಾಗಿಲು ಕಂಡ್ರೆ ಮೊದಲು ಬೆನ್ನಿನ ಡುಬ್ಬ ಹಿಡಿಸುತ್ತಾ ಅಂತ ತಿರುಗಿ ನೋಡ್ಕೊಳ್ತಿದ್ದ ಡುಬ್ಬಣ್ಣ… ಚಿಮ್ಮೋ ಮಿಡತೆ ಆಗಿಬಿಟ್ಟ. ಕೂದಲೆಲ್ಲ ಶಾಂಪೂ ಹಾಕಿ ಬಾಚಿದ ಹಾಗೆ. ನಾನು ಟ್ರೈಲರ್ ನೋಡಿ ಅತ್ತುಬಿಟ್ಟೆ ಮಾವ. ನಿಜವಾಗ್ಲೂ. ಸಲೂನಲ್ಲಿ, ಅರ್ಧ ತಲೆ ಕಟಿಂಗ್ ಆಗಿತ್ತು, ಹಾಗೇ ಎದ್ದು ಬಂದೆ.

ನಗ್ತಿದೀರಾ? ನಗಿ, ನಗಿ. ಈ ಕಡೆ ಇನ್ನೂ ಹಾಗೇ ಇದೆ, ನೋಡಿ.

ನಾಲ್ಕು ವರ್ಷದವನಿದ್ದಾಗ ಮೊದಲನೇ ಸಿನಿಮಾ ತೋರ್ಸಿದ್ದು ನೀವೇ ತಾನೆ? ‘ಅದರೊಳಗೆ ನಾನಿದೀನಿ ಕಣೋ’ ಅಂದ್ರಿ. ನಾನು ‘ಡುಬ್ಬಣ್ಣ ಮಾವನ್ನ ನುಂಗಿಬಿಟ್ಟ’ ಅಂತ ಥಿಯೇಟರ್ ಕಿತ್ತುಹೋಗೋ ಹಾಗೆ ಕಿರುಚಿದೆ, ಅಮ್ಮ ನನ್ನ ಎತ್ಕೊಂಡು ಆಚೆ ಓಡಿದ್ಲು. ಶಾಲೆ ನಾನು ಬಿಟ್ಟೆನೋ, ಶಾಲೆ ನನ್ನ ಬಿಡ್ತೋ, ಡುಬ್ಬಣ್ಣ ಮಾತ್ರ ಬಿಡ್ಲಿಲ್ಲ. ಇವತ್ತು ‘ಡುಬ್ಬಣ್ಣ ಉಳಿಸಿ’ ಸಂಘಕ್ಕೆ ನಾನೇ ಅಧ್ಯಕ್ಷ. ಯಾರು ಆರ್ಸಿದ್ರು ಅಂತಾನಾ? ನಾನೇ ಆರ್ಸಿಕೊಂಡೆ. ಬೇರೆಯವರಿಗೆಲ್ಲ ಪರೀಕ್ಷೆ ಇತ್ತು.

ಈಗ ಆ ಡೈರೆಕ್ಟರು ಏನು ಹೇಳಿಕೆ ಕೊಟ್ಟಿದಾರೆ ಗೊತ್ತಾ? ‘ಡುಬ್ಬಣ್ಣ ನನ್ನ ಸೃಷ್ಟಿ, ಅವನನ್ನ ಹೇಗೆ ಬೇಕಾದ್ರೂ ಮಾಡೋ ಹಕ್ಕು ನನಗಿದೆ’ ಅಂತೆ. ಅವರಪ್ಪನ ಮನೆ ಆಸ್ತೀನಾ? ಕಾಗದದ ಮೇಲೆ ಒಂದು ಡುಬ್ಬ ಬರೆದ್ರೆ ಆಯ್ತಾ? ಇಪ್ಪತ್ತೆರಡು ಕೆಜಿ ಚರ್ಮ ಹೊತ್ತೋರು ನೀವು! ವೇಷದ ಕಣ್ಣು ಬರೀ ತೋರಿಕೆಗೆ, ನೋಡಬೇಕಾಗಿದ್ದು ಮೂಗಿನ ತೂತಲ್ಲಿ! ಇಷ್ಟೂ ಸಾಲ್ದು ಅಂತ ಕೊನೇಲಿ ಇನ್ನೊಂದು ಮಾತು ಸೇರ್ಸಿದಾರೆ. ‘ನಾಲ್ಕನೇ ಭಾಗದಲ್ಲಿ ಡುಬ್ಬಣ್ಣನ ನಡಿಗೆ ಸರಿಯಿಲ್ಲ ಅಂತ ಅಭಿಮಾನಿಗಳು ಸಿಟ್ಟಾಗಿದ್ರು, ಅವರ ಮಾತಿಗೆ ತಲೆಬಾಗಿ ಈ ಬದಲಾವಣೆ.’ ಕೇಳಿದ್ರಾ ದ್ರೋಹ? ನಮ್ಮ ಹೆಸರು ಹೇಳಿ ನಮ್ಮ ಕತ್ತೇ ಕುಯ್ಯೋದು! ನಾವು ಹಳೇ ನಡಿಗೆ ವಾಪಸ್ ಕೊಡಿ ಅಂದ್ವಿ, ನಡೆಯೋರನ್ನೇ ತೆಗೀರಿ ಅಂದ್ವಾ? ಅಂದ್ವಾ ಮಾವ?

…ಹೂಂ ಅನ್ನಿ, ಊಹೂಂ ಅನ್ನಿ, ಏನಾದ್ರೂ ಅನ್ನಿ.

ಗೊತ್ತು, ಆ ವಿಡಿಯೋ ಯೋಚ್ನೆ ಮಾಡ್ತಿದೀರಿ. ನೀವು ನೋಡಿಲ್ಲ ತಾನೆ? ಒಳ್ಳೇದಾಯ್ತು, ನೋಡ್ಬೇಡಿ. ಯಾವನೋ ಕೆಲಸವಿಲ್ಲದ ಬಡ್ಡಿಮಗ ಮಾಡಿದ್ದು. ನಾಲ್ಕನೇ ಭಾಗದಲ್ಲಿ ಡುಬ್ಬಣ್ಣ ಸೇತುವೆ ಮೇಲೆ ಬರ್ತಾನಲ್ಲ, ಅದಕ್ಕೆ ಹೆಜ್ಜೆಹೆಜ್ಜೆಗೂ ತುಕ್ಕು ಹಿಡಿದ ಗೇಟಿನ ಕಿರ್ರ್ ಸದ್ದು ಸೇರ್ಸಿ, ಕೊನೇಲಿ ‘ಡುಬ್ಬಣ್ಣಂಗೆ ಎಣ್ಣೆ ಹಾಕ್ಸ್ರಪ್ಪೋ’ ಅಂತ… ಕ್ಷಮ್ಸಿ, ನಗು ಬಂತು. ನಗಬಾರ್ದು. ಆಮೇಲೆ ಗೊತ್ತಲ್ಲ, ಬೀದಿಬೀದೀಲೂ ಮಕ್ಕಳು ಹಾಗೇ ಕುಂಟ್ಕೊಂಡು ಓಡಾಡಿದ್ದು. ನಿಮ್ಮ ಗೇಟಿನ ಮುಂದೇನೂ ಓಡಾಡಿದ್ವು ಅಂತ ಅತ್ತೆ ಹೇಳಿದ್ರು. ಅವಕ್ಕೇನು ಗೊತ್ತು, ಅದು ಯಾರ ಮನೆ ಅಂತ. ಹತ್ತೊಂಬತ್ತು ಹೆಜ್ಜೆ! ಅಷ್ಟೂ ಹೆಜ್ಜೆ ಕುಂಟಿದ್ರೆ ಜನ ಆಡ್ಕೊಳ್ದೆ ಇರ್ತಾರಾ ಮಾವ?

ಏನು? ಎರಡು ಕೈ ಯಾಕೆ ಎತ್ತಿದ್ರಿ? ಹತ್ತು… ಮತ್ತೆ ಒಂದು. ಹನ್ನೊಂದಾ?

ಹೌದು ಹೌದು, ನೀವು ನಡೆದಿದ್ದು ಹನ್ನೊಂದೇ, ಸಿನಿಮಾದಲ್ಲಿರೋದೂ ಅಷ್ಟೇ. ಆದ್ರೆ ಹನ್ನೊಂದಕ್ಕೆ ತಾಳ ಕೂರ್ತಿರ್ಲಿಲ್ಲ ಮಾವ, ಮಜಾ ಬರೋಷ್ಟ್ರಲ್ಲಿ ಮುಗಿದುಹೋಗ್ತಿತ್ತು. ಮೂರನೇ ಹೆಜ್ಜೆಯಿಂದ ಎಂಟು ಹೆಜ್ಜೆ ಕತ್ತರಿಸಿ ಇನ್ನೊಂದು ಸಲ ಅಂಟಿಸ್ಬೇಕು. ಆ ಅಂಟು ಎಲ್ಲಿದೆ ಅಂತ ಲಕ್ಷಾಂತರ ಜನ ನೋಡಿದ್ರೂ ಒಬ್ಬನಿಗೂ ಸಿಕ್ಕಿಲ್ಲ! ಒಂದು ಭಾನುವಾರ ಪೂರ್ತಿ ಊಟ ಬಿಟ್ಟು ಕೂತು…

…

ಅವನು ಕೂತಿರ್ತಾನೆ. ಅಂತ ಅಂದೆ. ಅಂಥ ಕೆಲಸಕ್ಕೆ ಅಷ್ಟು ಹೊತ್ತು ಹಿಡಿಯುತ್ತೆ ಅಂತ… ಯಾರೋ ಹೇಳ್ತಿದ್ರು.

ಮಾವ.

ಹಾಗೆ ನೋಡ್ಬೇಡಿ ಮಾವ. ಬೈರಿ ಬೇಕಾದ್ರೆ. ಪಟ್ಟಿ ಕೆಳಗೆ ಬಿತ್ತು, ಇರಿ ಎತ್ಕೊಡ್ತೀನಿ. ಬೇಡ್ವಾ… ಸರಿ.

ತಮಾಷೆಗೆ ಮಾಡಿದ್ದು! ನಮ್ಮ ಗುಂಪಿನ ಹತ್ತು ಹುಡುಗರು ನೋಡಿ ನಗಲಿ ಅಂತ. ಅದು ಹಾಗೆ ಊರು ಸುತ್ತುತ್ತೆ ಅಂತ ನಾನೇನು ಕನಸು ಕಂಡಿದ್ನಾ? ಅಷ್ಟು ಜನ ನೋಡ್ತಿದಾರೆ ಅಂದಾಗ… ಸುಳ್ಳು ಯಾಕೆ ಹೇಳ್ಲಿ, ಖುಷಿಯಾಯ್ತು. ಜೀವನದಲ್ಲಿ ಮೊದಲನೇ ಸಲ ನಾನು ಮಾಡಿದ್ದಕ್ಕೆ ಯಾರೋ ‘ಭಲೇ’ ಅಂದಿದ್ದು. ಅಳಿಸೋಣ ಅಂತ ಎರಡು ಸಲ ಬೆರಳು ಹೋಯ್ತು, ಅಳಿಸ್ಲಿಲ್ಲ. ಆಮೇಲೆ ಅಳಿಸಿದ್ರೂ ಪ್ರಯೋಜನ ಇರ್ಲಿಲ್ಲ, ಎಲ್ಲರ ಫೋನಲ್ಲೂ ಇತ್ತು. ನಾನು ನಕ್ಕಿದ್ದು ಡುಬ್ಬಣ್ಣಂಗೆ ಮಾವ, ನಿಮಗಲ್ಲ! ವೇಷದೊಳಗೆ ಇರೋರ ಮುಖ ಯಾರಿಗೆ ಕಾಣುತ್ತೆ? ಮೊಣಕಾಲು ಹೋಗಿದೆ ಅಂತ ನೀವಾದ್ರೂ ಬಾಯಿ ಬಿಟ್ರಾ? ಮೂರನೇ ಭಾಗದಲ್ಲಿ ಬಿದ್ದಿದ್ದನ್ನ ಡೈರೆಕ್ಟರಿಗೆ ಹೇಳ್ಲಿಲ್ಲ, ಹೇಳಿದ್ರೆ ಬೇರೆಯವರನ್ನ ಹಾಕ್ತಾರೆ ಅಂತ. ಯಾರಿಗೂ ಹೇಳ್ಲಿಲ್ಲ. ನೋಡೋರಿಗೆ ಹೇಗೆ ಗೊತ್ತಾಗ್ಬೇಕು? ಯಾರಿಗೂ ಗೊತ್ತಿರ್ಲಿಲ್ಲ ಮಾವ…

ಯಾರಿಗೂ.

ಏನು, ಫೋನ್ ಬೇಕಾ? ಮಾತಾಡ್ತೀರಾ? ಹಾ, ಮಾತಾಡಿ ಮಾವ, ತಗೊಳ್ಳಿ! ಅದಕ್ಕೇ ತಾನೆ ನಾನು ಬಂದಿದ್ದು. ಅಲ್ಲಿ ಒತ್ತಿ, ಕೆಂಪು ಚುಕ್ಕೆ. ಅಲ್ಲ… ನಿಮ್ಮ ಮುಖದ ಕಡೆ ತಿರುಗಿಸ್ಕೊಳ್ಳಿ. ಮಾವ, ಕ್ಯಾಮೆರಾ ನನ್ನ ಕಡೆ ಇದೆ.

ನನ್ನ ಕಡೆ ಇದೆ ಅಂದೆ.

…ನಾನು ಏನು ಹೇಳ್ಲಿ? ಅರ್ಧ ತಲೆ ಕಟಿಂಗ್ ಬೇರೆ… ಜನ ನನ್ನ ಹುರಿದು ಮುಕ್ಕಿಬಿಡ್ತಾರೆ. ಸಂಘದ ಹುಡುಗರೇ ಮೊದಲು ಬರ್ತಾರೆ. ಆಫ್ ಮಾಡಿ ಮಾವ, ದಮ್ಮಯ್ಯ. ಅತ್ತೆ, ನೀವಾದ್ರೂ ಹೇಳಿ… ನೀವು ಯಾವಾಗ ಬಂದು ಬಾಗಿಲಲ್ಲಿ ನಿಂತ್ರಿ?

ರೆಕಾರ್ಡಿಂಗ್ ಓಡ್ತಿದೆಯಾ? ಓಡ್ತಿದೆ.

ನಮಸ್ಕಾರ. ಹತ್ತೊಂಬತ್ತು ಹೆಜ್ಜೆ ವಿಡಿಯೋ… ಅದು ನನ್ನದು. ಎಂಟು ಹೆಜ್ಜೆ ನಾನು ಅಂಟಿಸಿದ್ದು. ಮಿಕ್ಕ ಹನ್ನೊಂದು ನಮ್ಮ ಸೋದರಮಾವಂದು. ಅವರು ಯಾಕೆ ಹಾಗೆ ನಡೀತಿದ್ರು ಅಂತ ಯಾರಿಗೂ ಗೊತ್ತಿರ್ಲಿಲ್ಲ, ನಿಮಗೂ ಗೊತ್ತಿರ್ಲಿಲ್ಲ, ಡೈರೆಕ್ಟರಿಗೂ…

ನನಗೆ ಗೊತ್ತಿತ್ತು. ರಾತ್ರಿ ಅವರ ಮೊಣಕಾಲಿಗೆ ಮುಲಾಮು ಉಜ್ತಿದ್ದೋನೇ ನಾನು.