ಮೂವತ್ತೆಂಟು ಹುಡುಗಿಯರ ಫೋಟೋ

ಬೆಳಿಗ್ಗೆ ಹತ್ತು ನಲವತ್ತು. ಶಿಗ್ಗಾಂವಿ ನಿಲ್ದಾಣಕ್ಕೆ ಸವಣೂರು ಬಸ್ಸು ಇನ್ನೂ ಬಂದಿರಲಿಲ್ಲ. ಮದುವೆ ಸಂಬಂಧ ಕೂಡಿಸುವ ಅಖ್ತರುನ್ನೀಸಾ ನನ್ನ ಪಕ್ಕದ ಬೆಂಚಿನಲ್ಲಿದ್ದರು. ಅವರು ಕೂಡಿಸಿದ ಒಂದು ಸಂಬಂಧದಲ್ಲಿ ಹುಡುಗಿಗೆ ಮೋಸವಾಗಿದೆಯೆಂಬ ದೂರಿನ ಮೇಲೆ ಸವಣೂರು ಪೊಲೀಸರು ಅವರನ್ನು ಫೋನ್ ಸಮೇತ ಠಾಣೆಗೆ ಕರೆದಿದ್ದರು. ಜೊತೆಗೆ ನೆರೆಮನೆಯ ನೇತ್ರಾ ಇದ್ದಳು.

“ಲಾಕ್ ತೆಗೀರಿ ಅಂದ್ರ ತೆಗದಬಿಡ್ರಿ ಖಾಲಾ. ಮೊದಲ್ನೇ ಮದವಿ ಮುಚ್ಚಿಟ್ಟಾಂವ ಆ ವರ. ನೀವೇನ ಮಾಡೀರಿ?” ಎಂದಳು ನೇತ್ರಾ.

“ಅವನ ಮೆಸೇಜ್ ಎಲ್ಲಾ ಪ್ರಿಂಟ್ ತಗಸೇನಿ, ಹನ್ನೊಂದ ಹಾಳಿ. ಅದನ್ನ ಕೊಡತೇನಿ. ಫೋನ್ ಕೊಡೂದಿಲ್ಲ.”

“ಅದರಾಗ ಅಂಥಾದ್ದೇನೈತ್ರಿ?”

“ಮೂವತ್ತೆಂಟು ಹುಡುಗ್ಯಾರ ಫೋಟೋ ಅದಾವ. ಅವರ ತಾಯಂದ್ರು ನನ್ನ ನಂಬಿ ಕೊಟ್ಟಾರ, ಠಾಣೆಗಲ್ಲ.”

“ಪೊಲೀಸರು ಯಾರಿಗೂ ತೋರ್ಸೂದಿಲ್ಲರಿ. ಫೋನ್ ಕಂಪನಿಯವ್ರು ಪೊಲೀಸರಿಗಷ್ಟ ಲಾಕ್ ತೆಗ್ಯಾಕ ಒಂದು ಬ್ಯಾರೆ ಕೀಲಿ ಮಾಡಿಕೊಡಬೇಕಂತ ಟೀವಿಯಾಗೂ ಹೇಳಾಕತ್ತಿದ್ರು.”

“‘ಅಷ್ಟ’ ಅನ್ನೂದನ್ನ ನಾನೂ ನಂಬಿದ್ದೆ. ಹೋದ ವರ್ಷ ಒಂದು ಹುಡುಗಿ ಫೋಟೋ ವರನ ತಾಯಿಗಷ್ಟ ಕಳಿಸಿದೆ. ಸಂಜಿಗೆ ಹಾನಗಲ್ಲಿಂದ ಗುರ್ತಿಲ್ಲದವ್ರು ಯಾರೋ ಫೋನ್ ಮಾಡಿ, ಆಕಿ ಹಲ್ಲು ಯಾಕ ಹಂಗ ಅಂದ್ರು. ಅವತ್ತಿನಿಂದ ಕಳಿಸೂದ ಬಿಟ್ಟೇನಿ. ವರನ ಮನಿಗೆ ಹೋಗಿ, ಫೋನ್ ನನ್ನ ಕೈಯಾಗ ಹಿಡದ ತೋರಸ್ತೇನಿ.”

“ಹಂಗಾರ ಮೋಸ ಹೋದ ಹುಡುಗಿ ಗತಿ?”

“ಆಕಿ ಸಲುವಾಗೇ ಹೊಂಟೇನಲ್ಲ. ಹಾಳಿ ಸಾಲದಿದ್ರ ಅವನ ಮೆಸೇಜ್ ಅಷ್ಟ ತೆಗದು, ಸಾಹೇಬ್ರಿಗೂ ಹಂಗ ಕೈಯಾಗ ಹಿಡದ ತೋರಸ್ತೇನಿ.”

“ಫೋನ್ ಕೊಡೂತನಕ ಠಾಣ್ಯಾಗ ಕುಂದರ್ರಿ ಅಂದ್ರ?”

“ಕುಂದರ್ತೇನಿ. ರೊಟ್ಟಿ ಕಟಗೊಂಡ ಬಂದೇನಿ.”

ಹತ್ತು ಐವತ್ತೆರಡಕ್ಕೆ ಬಸ್ಸು ಬಂತು. ಅಖ್ತರುನ್ನೀಸಾ ಹತ್ತಿದರು. ಕಳಿಸಿಕೊಡಲಷ್ಟೇ ಬಂದಿದ್ದ ನೇತ್ರಾ ಅವರ ಹಿಂದೆಯೇ ಹತ್ತಿದಳು.