ಅಡಸೋಗಿ ಪ್ರಸಾದ

ಅಲ್ಲಬೇ ಗೌರವ್ವ, ಒಂದ್ ಗುಟುಕ ಕಷಾಯಕ್ಕ ಮಾರಿ ಯಾಕ ಹಿಂಗ ಹಿಂಡತಿ? ಇದ ಅಡಸೋಗಿ ಕಷಾಯ ನಿನ್ನ ಮುತ್ತಜ್ಜಿ, ಅಂದ್ರ ನಮ್ಮತ್ತಿ, ಒಂದ್ ಹನಿ ಬಿಡದ ಕುಡದಾಳ. ನಾನ ಕುಡಿಸೇನಿ! ನಗಬ್ಯಾಡ್ರಿ, ಆಕಿಗಿ ಕುಡಿಸೋದಂದ್ರ ಸಣ್ಣ ಮಾತಲ್ಲ. ಕೂಡ್ರಿ ಇಲ್ಲೇ, ಹೇಳ್ತೇನಿ.

ನನ್ನ ಲಗ್ನ ಆದ ವರ್ಷ, ಎಪ್ಪತ್ತೆರಡೋ ಎಪ್ಪತ್ಮೂರೋ, ಹೋಗ್ಲಿ ಬಿಡ್ರಿ, ಮಳಿ ಕೈ ಕೊಟ್ಟ ವರ್ಷ ಅದು. ಕರಜಗಿಯಿಂದ ಈ ಮಣ್ಣೂರಿಗಿ ಬಂದೆ. ನಮ್ಮವ್ವ ಅಡಸೋಗಿ ಕಡ್ಡಿ ಒಂದ ಹಸಿ ಅರಿವ್ಯಾಗ ಸುತ್ತಿ ಬುತ್ತಿ ಗಂಟಿನ್ಯಾಗ ಇಟ್ಟಿದ್ಳು, "ಹಿತ್ತಲದಾಗ ಹಚ್ಚಬೇ, ಕೆಮ್ಮಿಗಿ ಬರ್ತದ" ಅಂತ. ಹಚ್ಚಿದೆ. ನಮ್ಮತ್ತಿ ಟೊಂಕದ ಮ್ಯಾಲ ಕೈ ಇಟ್ಟು, "ಏನ್ ಹುಡುಗಿ, ಕುಡ್ಯಾಕ ನೀರಿಲ್ಲ, ಕಡ್ಡಿಗಿ ಹಾಕ್ತಿ? ನಿಮ್ಮಪ್ಪ ಭೀಮಾ ಹೊಳಿ ಬರ್ಕೊಟ್ಟಾನೇನು?" ಅಂದ್ಳು. ಖರೇನ ಅಂದಿದ್ಳು ಬಿಡ್ರಿ. ಹೊಳಿ ಬತ್ತಿ ಹೋಗಿ, ಉಸುಕಿನ್ಯಾಗ ಗುಂಡಿ ತೋಡಿ ವರ್ತಿ ಮಾಡಿ, ತಂಬಿಗಿಲೆ ಗೋರಿ ಗೋರಿ ಕೊಡ ತುಂಬಬೇಕು. ಮುಸುರಿ ನೀರ ಸೈತ ಎಮ್ಮಿಗಿ, ಅಲ್ಲ, ಎಮ್ಮಿ ಆಗ ಇರ್ಲಿಲ್ಲ, ಆಕಳಿಗಿ ಹೋಗ್ತಿತ್ತು. ಆದ್ರ ತವರಮನಿಯಿಂದ ನನ್ನ ಕೂಡ ಬಂದ ಜೀವ ಅದೊಂದ. ಅದು ಒಣಗಿದ್ರ ನಾನೂ ಇಲ್ಲಿ ಬೇರ ಬಿಡಾಂಗಿಲ್ಲ ಅನಸ್ತಿತ್ತು.

ನಮ್ಮ ಮಾವ ದಿನಾ ಲಿಂಗಪೂಜಿ ಮಾಡೋರು. ಪೂಜಿ ನೀರ ತುಳಿಬಾರದು, ಗಿಡದ ಬುಡಕ ಹಾಕ್ಬೇಕು, ಗೊತ್ತದಲ್ಲ? ಆ ಬಟ್ಟಲ ಚೆಲ್ಲೋ ಕೆಲಸ ನಂದು. ಮದ್ಲ ಅದನ್ನ ಹಾಕೋ ಮಲ್ಲಿಗಿ ಬಳ್ಳಿ ಒಣಗಿ ಹೋಗಿತ್ತು, ನಾ ಸುಮ್ಕ ಅಡಸೋಗಿಗಿ ಹಾಕಿದೆ. ದಿನಾ ಒಂದ ಬಟ್ಟಲ, ಅಷ್ಟ. ಚಿಗಿತು ನೋಡ್ರಿ! ಆದ್ರ ಅಲ್ಲೇ ತಪ್ಪಿದೆ ನಾ. ಅತ್ತಿ ಕಂಡು, "ಪೂಜಿ ನೀರ ಕುಡದ ಗಿಡ! ಇನ್ನ ಇದರ ಎಲಿ ಯಾರೂ ಹರಿಯಾಂಗಿಲ್ಲ" ಅಂತ ಫರ್ಮಾನ ಹೊರಡಿಸಿದ್ಳು. ಗಿಡ ಉಳೀತು, ಔಷಧ ಹೋತು.

ಥಂಡಿ ದಿನ ಬಂದ್ವು. ಅತ್ತಿಗೇ ಕೆಮ್ಮು ಹತ್ತಿತು. ಕೆಮ್ಮಿ ಕೆಮ್ಮಿ ರೊಟ್ಟಿ ಬಡಿಯೋ ಕೈ ನಿಂತ ಹೋತು. "ಅತ್ತ್ಯಾರ, ನಾಕ ಎಲಿ ಕುದಿಸ್ಲೇನ್ರಿ?" "ಸತ್ರೂ ಬ್ಯಾಡ!" ಮತ್ತ ಕೆಮ್ಮು. ನನಗ ಸಿಟ್ಟೂ ಬಂತು, ಪಾಪ ಅಂತನೂ ಅನಸ್ತು. ಸೀದಾ ಮಾವನ ಮುಂದ ಹೋಗಿ ಸೆರಗ ಹೊಚ್ಕೊಂಡು, "ಮಾವಾರ, ಲಿಂಗಕ್ಕ ಏರಿಸಿದ್ದು ಪ್ರಸಾದ ಆಗ್ತದಲ್ರಿ? ಈ ಎಲಿ ಏರಿಸಿದ್ರ?" ಅಂದೆ. ಸೊಸಿ ಮಾವನ ಮುಂದ ಬಾಯಿ ತೆಗಿಯೋ ಕಾಲ ಅಲ್ಲ ಅದು. ಮಾವ ನನ್ನ ನೋಡಿದ್ರು, ಗಿಡ ನೋಡಿದ್ರು, ಮೀಸಿಯಾಗ ನಕ್ರು. "ಹರಕೊಂಡ ಬಾರವ್ವ." ಪೂಜಿಗಿ ಏರಿಸಿ ನನ್ನ ಕೈಯಾಗ ಕೊಟ್ರು. ನಾ ಬೆಲ್ಲ ಹಾಕಿ ಕುದಿಸಿ, ಇಲ್ಲ, ಸುಳ್ಳ ಯಾಕ ಹೇಳ್ಲಿ, ಗಡಬಡ್ಯಾಗ ಬೆಲ್ಲ ಮರೆತಿದ್ದೆ, ವಾಟಿ ತುಂಬ ಒಯ್ದೆ. "ಅತ್ತ್ಯಾರ, ಪ್ರಸಾದ ತಗೋರಿ." ಪ್ರಸಾದಕ್ಕ ಒಲ್ಲೆ ಅನ್ನಾಂಗಿಲ್ಲ, ಬಿಡಾಂಗೂ ಇಲ್ಲ! ಆಕಿ ಕಣ್ಣ ಮುಚ್ಚಿ ಗಟಗಟ ಕುಡದ್ಳು. ಪ್ರಸಾದ ಅಂದ ಮ್ಯಾಲ, ವಾಟಿ ತೊಳದ ನೀರೂ ಕುಡದ್ಳು!

ಹಿಂಗ ಐದಾರ ದಿನ ಕುಡಿಸಿದೆ, ಅಡಗಿಮನ್ಯಾಗ ರೊಟ್ಟಿ ಬಡಿಯೋ ಸಪ್ಪಳ ಮತ್ತ ಕೇಳಿತು. ಗೆದ್ದೆ ಅಂತ ಒಬ್ಬಾಕಿನ ನಕ್ಕೆ. ಆಮ್ಯಾಲ ಓಣ್ಯಾಗ ಯಾರ ಕೆಮ್ಮಿದ್ರೂ ನಮ್ಮತ್ತಿ, "ಬರ್ರಿ ನಮ್ಮನಿಗಿ, ನಾ ಹಚ್ಚಿದ ಅಡಸೋಗಿ ಅದ" ಅನ್ನಾಕಿ. ತಾ ಹಚ್ಚಿದ್ದಂತ, ಕೇಳಿದ್ರೇನು? ಮೈಯೆಲ್ಲಾ ಉರೀತು ನನಗ. ಆದ್ರ ಮರುವರ್ಷ ಬ್ಯಾಸಗ್ಯಾಗ ಒಂದಿನ ನೋಡ್ತೇನಿ, ವರ್ತಿಯಿಂದ ತಂದ ಕುಡಿಯೋ ನೀರ ತಂಬಿಗಿ ತುಂಬ ತಗೊಂಡು ತಾನ ಗಿಡಕ್ಕ ಹಾಕಾಕತ್ಯಾಳ! ನನ್ನ ಕಂಡು, "ಏನ್ ನೋಡ್ತಿಬೇ? ನಿಮ್ಮವ್ವನ ಮನಿಯಿಂದ ಬಂದದ್ದು, ಉಪಾಸ ಕೆಡವಬೇಕೇನು?" ಅಂದ್ಳು. ಅವತ್ತ ನಾ ಈ ಮನಿಯಾಕಿ ಆದೆ ನೋಡ್ರಿ. ಹಟಮಾರಿ ಕೂಡ ಹಟ ಮಾಡಬಾರ್ದು, ಆಕಿ ನಂಬಿದ್ದನ್ನ ಹಿಡೀಬೇಕು. ಹೂಂ, ಈಗ ಕುಡಿ. ಬೆಲ್ಲ ಹಾಕೇನಿ.