ಮೊದಲ ಮಾತು ಮನೆಯವರದು

ಹೈದರಾಬಾದಿನ ಬೇಗಂಪೇಟೆ ಸ್ಟೇಷನ್ನಿನ ಬೆಂಚಿನಲ್ಲಿದ್ದ ತರುಣ ತನ್ನ ಚೀಲವನ್ನು ತೊಡೆಯ ಮೇಲೆತ್ತಿಕೊಂಡು ಗಾಡಿಗೆ ಕಾಯಲು ಬಂದ ಮಂದಾಕಿನಿಯವರಿಗೆ ಜಾಗ ಮಾಡಿಕೊಟ್ಟ. ಪಕ್ಕದ ಹುಡುಗಿಯೊಡನೆ ಅವನಾಡುತ್ತಿದ್ದ ಕನ್ನಡ ಕೇಳಿ ಅವರ ಕಿವಿ ಅತ್ತ ಹೋಯಿತು.

“ನಮ್ಮ ಕಿವಿ ಮಷಿನ್ ಹತ್ತು ಊರಿಗೆ ಒಯ್ಯಾಕ ಆ ಕಂಪನಿಯವರು ದುಡ್ಡು ಹಾಕ್ತಾರಂತ, ಕೇದಾರ. ಆದ್ರ ಒಬ್ಬೊಬ್ಬರದು ಲಗೂ ಹಾಕಿ ಮುಗಿಸ್ಬೇಕಂತ.”

“ಮತ್ತ ನಮ್ಮ ಪದ್ಧತಿ, ಅಮಿತಾ? ಮಷಿನ್ ಹಾಕಿದ ಮ್ಯಾಲೆ ನಾವು ಸುಮ್ಮನಿದ್ದು, ಮೊದಲ ಮಾತು ಮನಿಯವರು ಆಡೋದು?”

“ಅದಕ್ಕ ಭಾಳ ಹೊತ್ತು ಹೋಗ್ತೈತಂತ. ನಾವೇ ‘ಹಲೋ, ಕೇಳಸ್ತೈತೇನ್ರಿ’ ಅಂದ್ರ ಸಾಕಂತ.”

“ಹೋದ ವಾರ ನಾಚಾರಂದಾಗ ಹಂಪಯ್ಯನವರಿಗೆ ಹಾಕಿದ್ನಲ್ಲ. ಹೆಂಡ್ತಿ ಗದಿಗೆಮ್ಮ ನಾಚಿಕೊಂಡು ಅರ್ಧ ತಾಸು ಬಾಯೇ ತಗೀಲಿಲ್ಲ.”

“ಕಡೀಗೆ ಏನಂದ್ರು?”

“‘ಅಂಗಿ ಗುಂಡಿ ಹಾಕ್ಕೋರಿ’ ಅಂದ್ರು.”

ಅಮಿತಾ ನಕ್ಕಳು. “ಹಾಕ್ಕೊಂಡ್ರೇನು?”

“ಗಡಿಬಿಡ್ಯಾಗ ತಪ್ಪು ತೂತಿಗೆ ಹಾಕ್ಕೊಂಡ್ರು. ಕಡೀಗೆ ಆಕೀನೇ ಹಾಕಿದ್ರು.”

ಅಮಿತಾ ಗಾಡಿ ಬರುವ ದಿಕ್ಕಿಗೆ ಒಮ್ಮೆ ನೋಡಿದಳು.

“ದುಡ್ಡು ಬ್ಯಾಡಂದ್ರ, ಆ ಹತ್ತೂ ಊರಿನ ಮಂದಿಗೆ ಏನೂ ಕೇಳಸೂದಿಲ್ಲ. ಹಂಗೇ ಕೂಡ್ತಾರ.”

“ಗೊತ್ತೈತಿ. ಮೂರೇ ಊರಿಗೆ ದುಡ್ಡು ಕೊಡ್ರಿ, ಆ ಅರ್ಧ ತಾಸು ಮಾತ್ರ ಬಿಡೂದಿಲ್ಲ ಅನ್ನೋಣ.”

“ಒಪ್ಪದಿದ್ರ?”

“ವರ್ಷಕ್ಕೊಂದು ಊರು. ನಾವೇ ಹೋಗೋಣ.”

ಸಿಕಂದರಾಬಾದ್ ಗಾಡಿ ಬಂತು. ಅಮಿತಾ ಎದ್ದು, ಕೇದಾರನ ಚೀಲವನ್ನು ತನ್ನ ಹೆಗಲಿಗೇರಿಸಿಕೊಂಡಳು.

“ಈಗ ಕಂಪನಿಯವರ ಮೀಟಿಂಗ್‌ನಾಗ ನೀ ಬಾಯಿ ತಗೀಬ್ಯಾಡ, ಜಗಳಕ್ಕ ಬೀಳ್ತಿ. ಗುಂಡಿ ಸುದ್ದಿ ನಾ ಹೇಳ್ತೀನಿ.”

“ಹೇಳಿದ ಮ್ಯಾಲೆ?”

“ಹೇಳಿ ಸುಮ್ಮನ ಕೂಡ್ತೀನಿ. ಮೊದಲ ಮಾತು ಅವರೇ ಆಡ್ಲಿ.”

ಮಂದಾಕಿನಿಯವರು ನೋಡುತ್ತಿದ್ದಂತೆ ಇಬ್ಬರೂ ಗಾಡಿ ಹತ್ತಿದರು.